ಅರ್ಧ ಬೆಲೆಗೆ "ಒರಿಜಿನಲ್" ಅಂತಾರೆ, ತಗೋಬಹುದಾ? ಮೈಕ್, ಸ್ಪೀಕರ್, ಲೈಟ್ ಖರೀದಿ ಬಗ್ಗೆ

ರಂಗದ ಹಿಂದೆ:
ಎಲ್ಲರಿಗೂ ನಮಸ್ಕಾರ. ನಮ್ಮ ನಾಟಕ ತಂಡಕ್ಕೆ ಸ್ವಂತ ಸೌಂಡು, ಲೈಟು ಮಾಡಿಕೊಳ್ಳೋಣ ಅಂತ ತೀರ್ಮಾನ ಆಗಿದೆ. ಪಟ್ಟಿ ದೊಡ್ಡದೇನಲ್ಲ. ಶೂರ್ ಎಸ್‌ಎಂ58 ಮೈಕ್ ಆರು, ಪವರ್ಡ್ ಟಾಪ್ (ಒಳಗೇ ಆಂಪ್ ಇರುವ ಸ್ಪೀಕರ್) ಎರಡು, ಶಾರ್ಪಿ (ತೆಳು ಕಿರಣ ಬಿಡುವ, ತಿರುಗುವ ಲೈಟು) ನಾಲ್ಕು, ಒಂದಿಷ್ಟು ಎಲ್‌ಇಡಿ ಪಾರ್ (ಬಣ್ಣ ಚೆಲ್ಲುವ ಲೈಟು), ಕೇಬಲ್ಲು, ಲೈಟ್ ತೂಗುಹಾಕಲು ಒಂದು ಸಣ್ಣ ಟ್ರಸ್ (ಪೈಪಿನ ಚೌಕಟ್ಟು). ಮೂರು ಕಡೆ ಕೊಟೇಶನ್ ತಗೊಂಡೆ. ಎರಡು ಹೆಚ್ಚುಕಮ್ಮಿ ಒಂದೇ ಇವೆ. ಮೂರನೆಯದು ಸರಿಯಾಗಿ ಅದರ ಅರ್ಧ. "ಎಲ್ಲಾ ಒರಿಜಿನಲ್ಲೇ, ನೇರ ಇಂಪೋರ್ಟ್, ಮಧ್ಯೆ ಯಾರೂ ಇಲ್ಲ, ಅದಕ್ಕೇ ಕಡಿಮೆ" ಅಂತಾರೆ. ಮೈಕನ್ನು ಕೈಗೇ ಕೊಟ್ಟು ತೋರಿಸಿದರು. ಡಬ್ಬಿ, ಚೀಲ, ವಾರಂಟಿ ಕಾರ್ಡ್ ಎಲ್ಲಾ ಇದೆ. ನೋಡಿದರೆ ಅಸಲಿಯೇ ಅನ್ನಿಸುತ್ತದೆ. ಕಣ್ಣಲ್ಲೇ ನೋಡಿ ಗುರುತು ಹಿಡಿಯುವ ದಾರಿ ಏನಾದರೂ ಇದೆಯಾ?

ಫೇಡರ್ ಬೆರಳು:
ಅರ್ಧ ಬೆಲೆಗೆ ಹೊಸ 58 ಬರಲ್ಲ. ಅರ್ಧಕ್ಕೆ ಇಳಿಸುವಷ್ಟು ಲಾಭ ಅದರಲ್ಲಿ ಯಾವ ಡೀಲರಿಗೂ ಇಲ್ಲ. ಬಿಟ್ಟುಬಿಡಿ.

ರಿಪೇರಿ ಟೇಬಲ್:
ಗುರುತು ಕೇಳಿದಿರಲ್ಲ, ಹೇಳ್ತೀನಿ. ಆದರೆ ಕೊನೆವರೆಗೂ ಓದಿ.

ಎಸ್‌ಎಂ58 ಬಂದಿದ್ದು 1966ರಲ್ಲಿ. ಅಂದಿನಿಂದ ರೂಪ ಬದಲಾಗಿಲ್ಲ ಅಂತಲೇ ಹೇಳಬೇಕು. ಹಾಗಾಗಿ ನಕಲು ಮಾಡುವವರಿಗೆ ಅಷ್ಟು ಸುಲಭದ ಮಾಲು ಬೇರೆ ಇಲ್ಲ. ಮೊದಲು ಬಾಲ ನೋಡಿ. ಕೇಬಲ್ ಸಿಕ್ಕಿಸುವ ಜಾಗದಲ್ಲಿ ಪಿನ್ನುಗಳ ಪಕ್ಕ 1, 2, 3 ಅಂತ ಅಂಕೆ ಇರಬೇಕು. ಕಾಪಿಗಳಲ್ಲಿ ಎಷ್ಟೋ ಸಲ ಅದು ಇರಲ್ಲ. ಆಮೇಲೆ ತೂಕ. ಕಂಪನಿಯ ಲೆಕ್ಕದಲ್ಲಿ 298 ಗ್ರಾಂ. ಅಡುಗೆಮನೆ ತಕ್ಕಡಿಯಲ್ಲಿ ಇಟ್ಟು ನೋಡಿ.

ಮುಂದೆ, ಜಾಲರಿ ಬಿಚ್ಚಿ. ಅದರ ಕೆಳಗೆ ತಲೆ ಮತ್ತು ಹಿಡಿ ಕೂಡುವ ಜಾಗದಲ್ಲಿ ತಿರುಗಿಸಿದರೆ ಎರಡು ಭಾಗ ಆಗುತ್ತದೆ. ನಿಧಾನ, ಮಧ್ಯೆ ಕೂದಲಿನಂಥ ಎರಡು ತಂತಿ ಇರುತ್ತವೆ, ಎಳೆದರೆ ಕಿತ್ತುಬರುತ್ತವೆ. ಅಸಲಿಯಲ್ಲಿ ಅವು ಹಳದಿ ಮತ್ತು ಹಸಿರು. ಹಿಡಿಯ ಒಳಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ, ಗಟ್ಟಿ ಅಂಟು ಸುರಿದು ಕೂರಿಸಿರುತ್ತಾರೆ. ಕಾಪಿಯಲ್ಲಿ ಹಿಡಿ ಬರೀ ಟೊಳ್ಳು. ಇಲ್ಲಾಂದ್ರೆ ತೂಕಕ್ಕೆ ಅಂತ ಒಂದು ಕಬ್ಬಿಣದ ತುಂಡು.

ಇನ್ನು ಕಿವಿಗೆ ಬಿಡೋದಾದರೆ, ಮೈಕ್ ಆನ್ ಮಾಡಿ ಹಿಡಿಯನ್ನು ಬೆರಳಿಂದ ಉಜ್ಜಿ. ಅಸಲಿಯಲ್ಲಿ ಸದ್ದು ಹಿಡಿಯುವ ಕ್ಯಾಪ್ಸೂಲಿನ ಕೆಳಗೆ ಗಾಳಿಯ ಶಾಕ್ ಮೌಂಟ್ ಇದೆ, ಕೈಯ ಸದ್ದನ್ನು ಬಹಳ ಮಟ್ಟಿಗೆ ನುಂಗುತ್ತದೆ. ಆಮೇಲೆ ಮೈಕಿನ ಬೆನ್ನನ್ನು ಮಾನಿಟರ್ ಸ್ಪೀಕರ್ ಕಡೆ ತಿರುಗಿಸಿ ಗೇನ್ ಏರಿಸಿ. ಇದು ಕಾರ್ಡಿಯಾಯ್ಡ್, ಹಿಂದಿನಿಂದ ಬರುವ ಸದ್ದನ್ನು ಕಡಿಮೆ ಹಿಡಿಯಬೇಕು. ಕಾಪಿ ಬೇಗ ಕೂಗಿಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಮುಖ್ಯ ಮಾತು. ಕಾಪಿ ಮಾಡುವವರೂ ಈ ಪಟ್ಟಿ ಓದುತ್ತಾರೆ. ಅಂಕೆ ಹಾಕಿದ ಪಿನ್ನು, ಹಳದಿ ಹಸಿರು ತಂತಿ, ಒಳಗೆ ಸುಳ್ಳು ಟ್ರಾನ್ಸ್‌ಫಾರ್ಮರ್, ಎಲ್ಲವೂ ಇರುವ ಕಾಪಿಯೂ ಬರುತ್ತದೆ. ಗುರುತು ತಪ್ಪಿದರೆ ಕಾಪಿ ಅಂತ ಬಹುತೇಕ ಖಚಿತ. ಗುರುತು ಸರಿ ಇದೆ ಅಂದಮಾತ್ರಕ್ಕೆ ಅಸಲಿ ಅಂತ ಖಚಿತ ಅಲ್ಲ. ನಾನೂ ಬಿಚ್ಚಿದ ಮೇಲೆಯೇ ಹೇಳಬಲ್ಲೆ. ಅಂಗಡಿಯವನು ನಿಮಗೆ ಬಿಚ್ಚೋಕೆ ಬಿಡ್ತಾನಾ? ವಾರಂಟಿ ಹೋಗುತ್ತೆ ಅಂತಾನೆ.

ಬಾಡಿಗೆ ಸೌಂಡ್:
ಎಲ್ಲರೂ ಹೀಗೇ ಹೆದರಿಸ್ತೀರಪ್ಪ. ನಾನು ಬಾಡಿಗೆಗೆ ಕೊಡುವವನು. ನನ್ನ ಹತ್ತಿರ ಎರಡೂ ಇವೆ, ಮುಚ್ಚುಮರೆ ಇಲ್ಲ. ಭಾಷಣಕ್ಕೆ, ಅನೌನ್ಸ್‌ಮೆಂಟಿಗೆ ಕಾಪಿ ಮೈಕ್ ಸಾಕು. ಕೈಯಿಂದ ಬಿದ್ದು ಹಾಳಾದರೆ ಎಸೆದರಾಯಿತು. ಅಸಲಿ ಕಳೆದುಹೋದರೆ ಹೊಟ್ಟೆ ಉರಿಯುತ್ತೆ. ಜನಕ್ಕೆ ಸದ್ದು ಕೇಳಿಸಿದರೆ ಸಾಕು ಅಲ್ವಾ?

ಫೇಡರ್ ಬೆರಳು:
ಅಣ್ಣ, ಭಾಷಣಕ್ಕೆ ಅಗ್ಗದ ಮೈಕ್ ಸಾಕು ಅನ್ನೋದನ್ನು ನಾನೂ ಒಪ್ತೀನಿ. ಆದರೆ ಅಗ್ಗದ ಮೈಕ್ ಬೇರೆ, ಕಾಪಿ ಮೈಕ್ ಬೇರೆ. ಬೆರಿಂಗರ್, ಸೂಪರ್‌ಲಕ್ಸ್ ಥರ ತಮ್ಮ ಹೆಸರಲ್ಲೇ ಅಗ್ಗದ ಮೈಕ್ ಮಾಡುವವರಿದ್ದಾರೆ. ಹಾಳಾದರೆ ಕೇಳೋಕೆ ಒಬ್ಬ ಇದ್ದಾನೆ. ಇವತ್ತು ತಗೊಂಡ ಆರು, ಬರುವ ವರ್ಷ ತಗೊಂಡ ಆರು ಒಂದೇ ಥರ ಕೇಳುತ್ತವೆ. ಕಾಪಿಯಲ್ಲಿ ಒಂದೇ ಡಬ್ಬದ ಎರಡು ಮೈಕ್ ಒಂದೇ ಥರ ಇರಲ್ಲ. ನಾಟಕಕ್ಕೆ ಆರು ಮೈಕ್ ಹಾಕಿ, ಆರಕ್ಕೂ ಬೇರೆ ಬೇರೆ ಈಕ್ಯೂ (ಸದ್ದಿನ ಹದ) ಮಾಡ್ತಾ ಕೂತರೆ ಆಪರೇಟರ್ ಪಾಡೇನು? ಕಡಿಮೆ ದುಡ್ಡಿದ್ದರೆ ಕಡಿಮೆ ಬೆಲೆಯ ಅಸಲಿ ತಗೊಳ್ಳಿ. ದುಬಾರಿಯದರ ನಕಲು ಬೇಡ.

ಬಾಡಿಗೆ ಸೌಂಡ್:
ಅದು ಸರಿ. ಗಿರಾಕಿ ಮಾತ್ರ ಶೂರ್ ಅಂತ ಬರೆದಿದ್ದರೇನೇ ಮೈಕ್ ಅಂತಾನೆ, ಅದೇ ತೊಂದರೆ.

ಗೋದಾಮು:
ನಾನು ಹಿಂದೆ ವಿತರಣೆಯಲ್ಲಿದ್ದವನು. ಈಗ ಆ ಕೆಲಸದಲ್ಲಿಲ್ಲ, ಯಾರ ಪರವೂ ಅಲ್ಲ.

ಮೊದಲು ಒಂದು ಗೊಂದಲ ಬಿಡಿಸೋಣ. "ಡೂಪ್ಲಿಕೇಟ್" ಅಂತ ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕ್ತೀವಿ. ಕಂಪನಿಯ ಹೆಸರು, ಲೋಗೋ, ಸೀರಿಯಲ್ ನಂಬರ್ ಸಮೇತ ನಕಲು ಮಾಡಿದ್ದು ನಿಜವಾದ ಕಳ್ಳಮಾಲು. ಇನ್ನೊಂದು ಕ್ಲೋನ್. ಸ್ವೀಡನ್ನಿನ ಲ್ಯಾಬ್ ಗ್ರುಪೆನ್ ಕಂಪನಿಯ ಎಫ್‌ಪಿ10000ಕ್ಯೂ ಆಂಪ್ ಇದೆಯಲ್ಲ, ಅದರ ಸರ್ಕ್ಯೂಟ್ ನೋಡಿ ಮಾಡಿ ಬೇರೆ ಹೆಸರು ಹಾಕಿ ಮಾರುತ್ತಾರೆ. ಅದು ಅಸಲಿ ಅಂತ ಅವರೂ ಹೇಳಲ್ಲ. ಇನ್ನೊಂದು ಗ್ರೇ ಮಾಲು. ಮಾಲು ನೂರಕ್ಕೆ ನೂರು ಅಸಲಿ, ಆದರೆ ಬೇರೆ ದೇಶಕ್ಕೆ ಅಂತ ಕಳಿಸಿದ್ದು ಅಡ್ಡದಾರಿಯಲ್ಲಿ ನಿಮ್ಮಲ್ಲಿಗೆ ಬಂದಿರುತ್ತದೆ. ನಿಮಗೆ "ನೇರ ಇಂಪೋರ್ಟ್" ಅಂದಿದ್ದು ತೀರಾ ಒಳ್ಳೆಯದು ಅಂದರೆ ಇದಿರಬಹುದು. ಹಲವು ಕಂಪನಿಗಳು ಇದಕ್ಕೆ ವಾರಂಟಿ ಕೊಡಲ್ಲ.

ವೈರ್‌ಲೆಸ್ ಮೈಕ್‌ನಲ್ಲಿ ಗ್ರೇ ಮಾಲು ಇನ್ನೂ ತಲೆನೋವು. ಒಂದೊಂದು ದೇಶದಲ್ಲಿ ಒಂದೊಂದು ಬ್ಯಾಂಡಿಗೆ, ಅಂದರೆ ರೇಡಿಯೋ ಆವರ್ತನದ ಪಟ್ಟಿಗೆ ಅನುಮತಿ. ಅಮೆರಿಕದಲ್ಲಿ 600 ಮೆಗಾಹರ್ಟ್ಸ್ ಪಟ್ಟಿಯ ಬಹುಭಾಗವನ್ನು ಮೊಬೈಲ್ ಕಂಪನಿಗಳಿಗೆ ಕೊಟ್ಟರು. 2020ರ ಜುಲೈ 13ರ ನಂತರ ಆ ಭಾಗದಲ್ಲಿ ವೈರ್‌ಲೆಸ್ ಮೈಕ್ ಬಳಸುವ ಹಾಗಿಲ್ಲ ಅಂತಾಯಿತು. ಅಲ್ಲಿ ಕೆಲಸಕ್ಕೆ ಬಾರದ ಸೆಟ್ಟುಗಳು ಬೇರೆ ಕಡೆ ಅಗ್ಗಕ್ಕೆ ಹೋಗೋದು ಸಹಜ ತಾನೇ? ನಿಮ್ಮ ಕಡೆ ಆ ಬ್ಯಾಂಡಿಗೆ ಅನುಮತಿ ಇದೆಯೋ ಇಲ್ಲವೋ, ಮಾರುವವನಿಗೆ ಬೇಕಾಗಿಲ್ಲ. ಅಧಿಕೃತ ಡೀಲರ್ ಹತ್ತಿರ ನಿಮ್ಮ ದೇಶದ ಬ್ಯಾಂಡಿನ ಸೆಟ್ಟೇ ಇರುತ್ತದೆ.

ಈಗ ಡೀಲರನ್ನು ಪರೀಕ್ಷೆ ಮಾಡೋದು. ಗೋಡೆಯ ಮೇಲೆ ಕಟ್ಟು ಹಾಕಿದ ಸರ್ಟಿಫಿಕೇಟನ್ನು ನಂಬಬೇಡಿ, ಅದಕ್ಕೂ ಕಾಪಿ ಇದೆ. ಕಂಪನಿಯ ಸ್ವಂತ ವೆಬ್‌ಸೈಟಿಗೆ ಹೋಗಿ. ಶೂರ್, ಸೆನ್‌ಹೈಸರ್, ಜೆಬಿಎಲ್ ಎಲ್ಲರದ್ದರಲ್ಲೂ ಡೀಲರ್ ಹುಡುಕುವ ಪುಟ ಇದೆ. ಅಲ್ಲಿ ಹೆಸರು ಮಾತ್ರ ಅಲ್ಲ, ವಿಳಾಸವೂ ತಾಳೆಯಾಗಬೇಕು. ಹೆಸರಿಗೆ ಒಂದು ಅಕ್ಷರ ಸೇರಿಸಿ ಪಕ್ಕದ ಬೀದಿಯಲ್ಲಿ ಅಂಗಡಿ ಇಡುವವರಿದ್ದಾರೆ. ಅನುಮಾನ ಇದ್ದರೆ ದೇಶದ ವಿತರಕರಿಗೆ ಫೋನ್ ಮಾಡಿ. ನಂಬರನ್ನು ಕಂಪನಿ ಪುಟದಿಂದ ತಗೊಳ್ಳಿ, ಅಂಗಡಿಯವನು ಕೊಟ್ಟ ಕಾರ್ಡಿನಿಂದ ಅಲ್ಲ. ಒಂದು ಸೂಕ್ಷ್ಮ ಏನಂದ್ರೆ, ವೈರ್ಡ್ ಮೈಕಿಗೆ ಡೀಲರ್ ಆದವರು ದೊಡ್ಡ ವೈರ್‌ಲೆಸ್‌ಗೂ ಡೀಲರ್ ಆಗಿರಬೇಕಿಲ್ಲ. ಯಾವ ಮಾಲಿಗೆ ಅಧಿಕೃತ ಅಂತ ಕೇಳಿ.

ಹೊಸಬ:
ಆನ್‌ಲೈನ್ ಪುಟದಲ್ಲಿ ಕಂಪನಿ ಹೆಸರಲ್ಲೇ ಸ್ಟೋರ್ ಇರುತ್ತಲ್ಲ, ಅಲ್ಲಿ ತಗೊಂಡರೆ ಸೇಫ್ ಅಲ್ವಾ?

ಗೋದಾಮು:
ಸ್ಟೋರ್ ಹೆಸರು ನೋಡಬೇಡಿ, "ಮಾರಾಟಗಾರ" ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಲ್ಲ, ಅದನ್ನು ನೋಡಿ. ಒಂದೇ ಮೈಕಿನ ಪುಟದಲ್ಲಿ ಹತ್ತು ಜನ ಮಾರುತ್ತಿರುತ್ತಾರೆ. ಬೆಲೆ ಕಡಿಮೆ ಮಾಡಿದವನು ಮೇಲೆ ಬರುತ್ತಾನೆ. ಆ ಮಾರಾಟಗಾರನ ಹೆಸರು ಕಂಪನಿಯ ಡೀಲರ್ ಪಟ್ಟಿಯಲ್ಲಿದೆಯಾ ನೋಡಿ. ಇಲ್ಲಾಂದ್ರೆ ಮುಂದೆ ಹೋಗಿ. ಒಂದೇ ಬಾರ್‌ಕೋಡಿನ ಮಾಲು ಯಾರದ್ದಾದರೂ ಸರಿ ಅಂತ ಒಂದೇ ರ‍್ಯಾಕಿನಲ್ಲಿ ಬೆರೆಸಿ ಇಡುವ ಗೋದಾಮುಗಳೂ ಇದ್ದವು. ಒಳ್ಳೆಯವನ ಹತ್ತಿರ ಕೊಂಡರೂ ಕೆಟ್ಟವನ ಡಬ್ಬಿ ಬರಬಹುದು. ರಿವ್ಯೂ ನಂಬಬೇಡಿ, ಅವು ಹತ್ತೂ ಜನರ ಮಾಲಿಗೆ ಸೇರಿ ಬಂದಿರುತ್ತವೆ.

ಕತ್ತಲೆ ಬೆಳಕು:
ಸೌಂಡಿನವರು ಜಾಗವೆಲ್ಲಾ ತಗೊಂಡಿರಿ, ಲೈಟಿಗೂ ಸ್ವಲ್ಪ ಬಿಡಿ.

ರಂಗದವರೇ, ಕೊಟೇಶನ್ನಿನಲ್ಲಿ "ಶಾರ್ಪಿ 4" ಅಂತ ಮಾತ್ರ ಬರೆದಿದ್ದರೆ ಅದಕ್ಕೆ ಅರ್ಥವೇ ಇಲ್ಲ. ಶಾರ್ಪಿ ಇಟಲಿಯ ಕ್ಲೇ ಪಾಕಿ ಕಂಪನಿಯ ಲೈಟು, 2010ರಲ್ಲಿ ಬಂತು. ಅದರಲ್ಲಿ ಇದ್ದಿದ್ದು ಫಿಲಿಪ್ಸ್ ಎಂಎಸ್‌ಡಿ ಪ್ಲಾಟಿನಂ 5ಆರ್, 189 ವಾಟಿನ ಲ್ಯಾಂಪ್. ಆಮೇಲೆ ಅದೇ ಆಕಾರದ ನೂರಾರು ಬೀಮ್ ಲೈಟ್ ಬಂದವು, ಎಲ್ಲವನ್ನೂ ಶಾರ್ಪಿ ಅಂತಲೇ ಕರೆಯುತ್ತಾರೆ. ಬೇರೆ ಕಂಪನಿಯ ಬೀಮ್ ತಗೊಂಡರೆ ತಪ್ಪೇನಿಲ್ಲ, ನಿಮ್ಮ ಬಜೆಟ್ಟಿಗೆ ಅದೇ ಸರಿ ಕೂಡ. ಆದರೆ ಕಂಪನಿ ಹೆಸರು, ಮಾದರಿ, ಲ್ಯಾಂಪ್ ಯಾರದು ಅಂತ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಮೇಲೆ ಕ್ಲೇ ಪಾಕಿ ಅಂತ ಸ್ಟಿಕ್ಕರ್ ಹಚ್ಚಿ ಒಳಗೆ ಏನೋ ಇಟ್ಟಿದ್ದರೆ, ಆ ಬಿಲ್ಲೇ ನಿಮ್ಮ ಆಧಾರ.

ಲ್ಯಾಂಪಿನ ವಿಷಯ ಹಗುರವಾಗಿ ತಗೋಬೇಡಿ. ಈ ಥರದ ಡಿಸ್‌ಚಾರ್ಜ್ ಲ್ಯಾಂಪ್ ಉರಿಯುವಾಗ ಒಳಗೆ ವಿಪರೀತ ಒತ್ತಡ ಇರುತ್ತದೆ. ಫಿಲಿಪ್ಸ್, ಓಸ್ರಾಂ ಹೆಸರಿನ ಕಳ್ಳ ಲ್ಯಾಂಪ್ ಒಡೆದರೆ ಒಳಗಿನ ರಿಫ್ಲೆಕ್ಟರು, ಕಲರ್ ವೀಲು ಎಲ್ಲಾ ಚೂರು. ಜೊತೆಗೆ ಲ್ಯಾಂಪಿಗೆ ಕರೆಂಟನ್ನು ಹದ ಮಾಡಿ ಕೊಡುವ ಬಾಲಸ್ಟೂ ಹೋಗಬಹುದು. ಉಳಿಸಿದ ದುಡ್ಡು ಒಂದೇ ಸಂಜೆಯಲ್ಲಿ ಹೋಯಿತು ಅನ್ನಿ.

ಲೈಟು ಕೈಗೆ ಬಂದ ಮೇಲೆ ಮಾಡಬಹುದಾದ ಪರೀಕ್ಷೆ ಒಂದಿದೆ, ಯಾರೂ ಮಾಡಲ್ಲ. ಆರ್‌ಡಿಎಂ (ಲೈಟು ತನ್ನ ವಿವರವನ್ನು ತಾನೇ ವಾಪಸ್ ಕಳಿಸುವ ವ್ಯವಸ್ಥೆ) ಇರುವ ಲೈಟಾದರೆ, ಲೈಟಿಗೆ ಆದೇಶ ಕಳಿಸುವ ಡಿಎಂಎಕ್ಸ್ ಕೇಬಲ್ಲಿನಲ್ಲೇ ಅದರ ಗುರುತಿನ ಸಂಖ್ಯೆ ಕೇಳಬಹುದು. ಅದು 48 ಬಿಟ್‌ಗಳ ಸಂಖ್ಯೆ. ಮೊದಲ 16 ಬಿಟ್ ತಯಾರಕರದ್ದು, ಎಸ್ಟಾ ಅನ್ನೋ ಸಂಸ್ಥೆ ಹಂಚುತ್ತದೆ, ಪಟ್ಟಿ ಎಲ್ಲರಿಗೂ ಸಿಗುತ್ತದೆ. ಇಟಿಸಿ ಕಂಪನಿಯ ಲೈಟಾದರೆ 6574 ಅಂತ ಶುರುವಾಗಬೇಕು. ಮೇಲೆ ಒಂದು ಕಂಪನಿ, ಆರ್‌ಡಿಎಂನಲ್ಲಿ ಇನ್ನೊಂದು ಹೆಸರು ಬಂದರೆ ವಿಷಯ ಮುಗಿಯಿತು. ರಿಪೇರಿ ಸರ್ ಹೇಳಿದ ಹಾಗೇ, ತಾಳೆಯಾದ ಮಾತ್ರಕ್ಕೆ ಅಸಲಿ ಅಂತ ಪಕ್ಕಾ ಆಗಲ್ಲ, ಆ ಸಂಖ್ಯೆಯನ್ನೂ ಕದಿಯಬಹುದು.

ಬಾಡಿಗೆ ಸೌಂಡ್:
ಮೇಡಂ, ಲೈಟ್ ನಡೆಸುವ ಕನ್ಸೋಲ್ ಬಗ್ಗೆ ಹೇಳಿ. ಅವೊಲೈಟ್ಸ್ ಪರ್ಲ್ ಅಂತ ಎಲ್ಲರ ಹತ್ತಿರವೂ ಇದೆ, ಅಷ್ಟೊಂದು ಅಸಲಿ ಹುಟ್ಟಿದ್ದಾದರೂ ಯಾವಾಗ?

ಕತ್ತಲೆ ಬೆಳಕು:
ಅದೇ ಮತ್ತೆ! ಪರ್ಲ್ 2010, ಟೈಗರ್ ಟಚ್, ಗ್ರ್ಯಾಂಡ್‌ಎಂಎ2, ಮೂರಕ್ಕೂ ಕ್ಲೋನ್ ಇದೆ. ಕ್ಲೋನ್ ಕನ್ಸೋಲಿನ ತೊಂದರೆ ಬಟನ್ನಿನಲ್ಲಿ ಇಲ್ಲ, ಸಾಫ್ಟ್‌ವೇರಿನಲ್ಲಿ. ಕದ್ದ ಸಾಫ್ಟ್‌ವೇರ್ ಹಾಕಿರುತ್ತಾರೆ, ಅಪ್‌ಡೇಟ್ ಮಾಡಿದರೆ ಡೆಸ್ಕು ಸತ್ತಂತೆ. ಹೊಸ ಲೈಟಿನ ಪರ್ಸನಾಲಿಟಿ ಫೈಲ್ (ಆ ಲೈಟನ್ನು ಹೇಗೆ ನಡೆಸಬೇಕು ಅನ್ನೋ ವಿವರ) ಹಳೆ ವರ್ಷನ್ನಿಗೆ ಕೂರಲ್ಲ. ಶೋ ಮಧ್ಯೆ ಹ್ಯಾಂಗ್ ಆದರೆ ಯಾರಿಗೂ ಫೋನ್ ಮಾಡೋ ಹಾಗಿಲ್ಲ. ನಾಟಕ ತಂಡಕ್ಕಾದರೆ ಲ್ಯಾಪ್‌ಟಾಪ್‌ನಲ್ಲಿ ಓಡುವ ಉಚಿತ ಸಾಫ್ಟ್‌ವೇರು, ಒಂದು ಅಸಲಿ ಯುಎಸ್‌ಬಿ ಡಿಎಂಎಕ್ಸ್ ಪೆಟ್ಟಿಗೆ ಸಾಕು. ಅದು ಕ್ಲೋನ್ ಡೆಸ್ಕಿಗಿಂತ ನೂರು ಪಾಲು ವಾಸಿ.

ರಂಗದ ಹಿಂದೆ:
ತುಂಬಾ ಉಪಯೋಗ ಆಯಿತು. ಮೂರನೆಯವರಿಗೆ ಫೋನ್ ಮಾಡಿ, ಸೀರಿಯಲ್ ನಂಬರ್ ಬಿಲ್ಲಿನಲ್ಲಿ ಬರೆದುಕೊಡ್ತೀರಾ ಅಂತ ಕೇಳಿದೆ. "ಹಾಗೆಲ್ಲಾ ನಾವು ಬರೆಯಲ್ಲ, ಬಿಲ್ ಬೇಕಾದರೆ ರೇಟು ಬೇರೆ" ಅಂದರು.

ಗೋದಾಮು:
ಉತ್ತರ ಸಿಕ್ಕಿತಲ್ಲ.

ಸಂಕೋಲೆ:
ಎಲ್ಲಾ ಮೈಕಿನ ಬಗ್ಗೆ ಮಾತಾಡ್ತಿದ್ದೀರಿ. ಪಟ್ಟಿಯ ಕೊನೆಯಲ್ಲಿ "ಒಂದು ಸಣ್ಣ ಟ್ರಸ್" ಅಂತಿದೆ, ಅದನ್ನು ಯಾರೂ ಓದಲಿಲ್ಲ. ನಾನು ರಿಗ್ಗಿಂಗ್, ಅಂದರೆ ಲೈಟು ಟ್ರಸ್ ಮೇಲೆ ತೂಗುಹಾಕುವ ಕೆಲಸ ಮಾಡುವವನು. ಕಾಪಿ ಮೈಕ್ ಕೂಗುತ್ತದೆ ಅಷ್ಟೇ. ಕಾಪಿ ಟ್ರಸ್ ತಲೆ ಮೇಲೆ ಬೀಳುತ್ತದೆ.

ಹೊರಗಿಂದ ನೋಡಿದರೆ ಎರಡೂ ಟ್ರಸ್ ಒಂದೇ. ಪೈಪಿನ ತುದಿಗೆ ಕ್ಯಾಲಿಪರ್ ಇಟ್ಟು ನೋಡಿ. 3 ಮಿಲಿಮೀಟರ್ ಗೋಡೆ ಅಂತ ಹೇಳಿ 2 ಮಿಲಿಮೀಟರಿನದು ಕೊಟ್ಟಿರುತ್ತಾರೆ. ಎರಡು ಮಿಲಿಮೀಟರಿನ ಒಳ್ಳೆಯ ಟ್ರಸ್ಸೂ ಇದೆ, ಆದರೆ ಅದರ ಲೋಡ್ ಟೇಬಲ್ (ಎಷ್ಟು ಭಾರ ಹಾಕಬಹುದು ಅನ್ನೋ ಪಟ್ಟಿ) ಬೇರೆ. ಮೂರರ ಟೇಬಲ್ ನೋಡಿ ಎರಡಕ್ಕೆ ಭಾರ ಹಾಕಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಅಲ್ಯೂಮಿನಿಯಂ ಯಾವ ಮಿಶ್ರಲೋಹ ಅಂತ ಕೇಳಿ. ಒಳ್ಳೆಯವರು 6082 ಟಿ6 ಅಂತ ಹೇಳಿ ಕಾಗದ ಕೊಡುತ್ತಾರೆ. ವೆಲ್ಡಿಂಗ್ ಗುಣಮಟ್ಟವನ್ನು ನೀವು ಕಣ್ಣಲ್ಲಿ ಅಳೆಯೋಕಾಗಲ್ಲ, ನನಗೂ ಆಗಲ್ಲ. ಅಲ್ಲಿ ನಂಬಬೇಕಾಗಿರೋದು ತಯಾರಕನ ಲೋಡ್ ಟೇಬಲ್, ಯುರೋಪಿನ ಮಾಲಾದರೆ ಇಎನ್ 1090 (ಅಲ್ಲಿನ ಲೋಹದ ಚೌಕಟ್ಟುಗಳ ಮಾನದಂಡ) ಕಾಗದ, ಟ್ರಸ್ ಮೇಲಿನ ಸೀರಿಯಲ್ ಪ್ಲೇಟು.

ಕ್ಲ್ಯಾಂಪ್, ಶ್ಯಾಕಲ್ (ಭಾರ ತೂಗುವ ಯು ಆಕಾರದ ಕೊಂಡಿ), ಸೇಫ್ಟಿ ವೈರ್ ಕೂಡ ಅಷ್ಟೇ. ಶ್ಯಾಕಲ್ ಮೇಲೆ ತಯಾರಕನ ಗುರುತು, ಎಷ್ಟು ಭಾರ ಅನ್ನೋದು ಲೋಹದಲ್ಲೇ ಉಬ್ಬಿರಬೇಕು, ಇಲ್ಲಾ ಅಚ್ಚೊತ್ತಿರಬೇಕು. ಹೆಸರಿಲ್ಲದ, ಬರೀ ಹೊಳೆಯುವ ಶ್ಯಾಕಲ್ಲನ್ನು ನಾಯಿ ಸರಪಳಿಗೆ ಬೇಕಾದರೆ ಹಾಕಿ. ಚೈನ್ ಹಾಯ್ಸ್ಟ್ (ಸರಪಳಿಯಿಂದ ಭಾರ ಎತ್ತುವ ಯಂತ್ರ) ಬೇಕು ಅಂತ ಮುಂದೆ ಅನ್ನಿಸಿದರೆ, ಅದನ್ನು ಅಧಿಕೃತ ಡೀಲರ್ ಬಿಟ್ಟು ಇನ್ನೆಲ್ಲೂ ಕೇಳಲೂಬೇಡಿ. ಈ ಒಂದು ವಿಷಯದಲ್ಲಿ ನಾನು ವಾದ ಕೇಳಲ್ಲ.

ಬಾಡಿಗೆ ಸೌಂಡ್:
ಇದನ್ನು ಒಪ್ಪಿದೆ ಗುರುಗಳೇ. ಟ್ರಸ್ ಮಾತ್ರ ನಾನೂ ಒರಿಜಿನಲ್ಲೇ ಇಟ್ಟಿದ್ದೀನಿ.

ಹೊಸಬ:
ಯುರೋಪಿನ ಸಿಇ ಮಾರ್ಕ್ ನೋಡಿದರೆ ಗೊತ್ತಾಗುತ್ತಂತೆ. ಎರಡು ಅಕ್ಷರ ಹತ್ತಿರ ಇದ್ದರೆ ನಕಲಿ, ದೂರ ಇದ್ದರೆ ಅಸಲಿ ಅಂತ ಒಂದು ವಿಡಿಯೋದಲ್ಲಿ ನೋಡಿದೆ.

ರಿಪೇರಿ ಟೇಬಲ್:
ಅದನ್ನು ನೆಚ್ಚಬೇಡಿ. ಅಕ್ಷರದ ಅಂತರಕ್ಕೆ ನಿಯಮ ಇದೆ ನಿಜ, ಆದರೆ ಸರಿಯಾದ ಅಂತರದಲ್ಲಿ ಮುದ್ರಿಸೋಕೆ ನಕಲಿಯವನಿಗೆ ಏನು ಕಷ್ಟ? ಬಹಳಷ್ಟು ಮಾಲಿಗೆ ಸಿಇ ಅನ್ನೋದು ತಯಾರಕ ತಾನೇ ಹಾಕಿಕೊಳ್ಳುವ ಘೋಷಣೆ, ಯಾರೋ ಪರೀಕ್ಷೆ ಮಾಡಿ ಕೊಟ್ಟ ಮುದ್ರೆ ಅಲ್ಲ. ಅಮೆರಿಕದ ಸುರಕ್ಷತಾ ಪರೀಕ್ಷೆಯ ಸಂಸ್ಥೆ ಯುಎಲ್‌ನ ಗುರುತಾದರೆ ಸ್ವಲ್ಪ ಪ್ರಯೋಜನ ಇದೆ. ಅದರ ಜೊತೆ ಫೈಲ್ ಸಂಖ್ಯೆ ಇದ್ದರೆ ಯುಎಲ್‌ನ ಪ್ರಾಡಕ್ಟ್ ಐಕ್ಯೂ ಅನ್ನೋ ಆನ್‌ಲೈನ್ ಪಟ್ಟಿಯಲ್ಲಿ ಹಾಕಿ ನೋಡಿ. ಬೇರೆ ಕಂಪನಿ ಹೆಸರು ಬಂದರೆ ಮಾಲು ವಾಪಸ್.

ನಾನು ಲೈಟು ಬಿಚ್ಚಿದಾಗ ಮೊದಲು ನೋಡೋದು ಅರ್ಥ್ ತಂತಿ. ಹಳದಿ ಹಸಿರು ಪಟ್ಟೆಯ ತಂತಿ ಪ್ಲಗ್ಗಿನಿಂದ ಬಂದು ಲೋಹದ ಮೈಗೆ ಬೋಲ್ಟ್ ಆಗಿರಬೇಕು. ಕಳ್ಳಮಾಲಿನಲ್ಲಿ ಅದನ್ನು ಬಣ್ಣ ಬಳಿದ ಜಾಗದ ಮೇಲೆಯೇ ಕೂರಿಸಿರುತ್ತಾರೆ. ತಂತಿ ಇದ್ದೂ ಸಂಪರ್ಕ ಇರಲ್ಲ. ಮಲ್ಟಿಮೀಟರಿನಲ್ಲಿ ಪ್ಲಗ್ಗಿನ ಅರ್ಥ್ ಪಿನ್ನಿಂದ ಹೊರಗಿನ ಸ್ಕ್ರೂಗೆ ಇಟ್ಟರೆ ಬೀಪ್ ಬರಬೇಕು. ಅಧಿಕೃತ ಡೀಲರಿಂದ ತಂದರೂ ಇದನ್ನು ನೋಡಿ, ಏನೂ ನಷ್ಟ ಇಲ್ಲ.

ಫೇಡರ್ ಬೆರಳು:
ವಾಟಿನ ಬಗ್ಗೆಯೂ ಒಂದು ಮಾತು, ಟಾಪ್ ತಗೊಳ್ಳುವಾಗ ಬೇಕಾಗುತ್ತೆ. 230 ವೋಲ್ಟಿನ 16 ಆಂಪಿಯರ್ ಲೈನಿಂದ ಸಿಗೋದೇ 3680 ವಾಟ್. ಒಳ್ಳೆಯ ಆಂಪುಗಳು ಒಂದು ಕ್ಷಣದ ಹೊಡೆತಕ್ಕೆ ಅದಕ್ಕಿಂತ ಜಾಸ್ತಿ ಕೊಡುತ್ತವೆ, ಸಂಗೀತ ಹಾಗೇ ಇರೋದರಿಂದ ಅದು ಮೋಸ ಅಲ್ಲ. ಆದರೆ ಒಂದು ಸಣ್ಣ ಪವರ್ ಸಪ್ಲೈ ಇಟ್ಟು ಮೇಲೆ ಹತ್ತು ಸಾವಿರ ಅಂತ ಬರೆದರೆ ನಗಬೇಕು ಅಷ್ಟೇ.

ಕಾಪಿ ಕ್ಯಾಬಿನೆಟ್ಟಿನ ಇನ್ನೊಂದು ಕಾಟ ಇದೆ. ದೊಡ್ಡ ಕಂಪನಿಗಳ ಸದ್ದಿನ ಅರ್ಧ ಗುಟ್ಟು ಪ್ರೊಸೆಸರ್ ಪ್ರಿಸೆಟ್ಟಿನಲ್ಲಿ (ಕಂಪನಿ ಮೊದಲೇ ಹಾಕಿಟ್ಟ ಸದ್ದಿನ ಹೊಂದಾಣಿಕೆಯಲ್ಲಿ) ಇರುತ್ತದೆ. ಆ ಪ್ರಿಸೆಟ್, ಸದ್ದು ಮಿತಿ ಮೀರದಂತೆ ತಡೆಯುವ ಲಿಮಿಟರ್ ಎಲ್ಲಾ ಅಸಲಿ ಡ್ರೈವರಿಗೆ (ಒಳಗಿನ ಸದ್ದು ಮಾಡುವ ಭಾಗಕ್ಕೆ) ಅಂತ ಮಾಡಿದ್ದು. ಒಳಗೆ ಬೇರೆ ಡ್ರೈವರ್ ಇದ್ದರೆ ಲಿಮಿಟರ್ ಕಾಯಬೇಕಾದ ಹೊತ್ತಿಗೆ ಕಾಯಲ್ಲ. ಡ್ರೈವರಿನ ಕಂಪಿಸುವ ತೆಳು ಪೊರೆ, ಡಯಾಫ್ರಂ, ಹೋಗುತ್ತೆ. ಹೋದ ಮೇಲೆ ಅಸಲಿ ಡಯಾಫ್ರಂ ತಂದರೆ ಅಳತೆಯೇ ಕೂಡಲ್ಲ.

ರಂಗದ ಹಿಂದೆ:
ಒಂದು ಪ್ರಾಮಾಣಿಕ ಪ್ರಶ್ನೆ. ಅಧಿಕೃತ ಡೀಲರ್ ಹತ್ತಿರ ಹೋದರೆ ಪೂರ್ತಿ ಪಟ್ಟಿ ನಮ್ಮ ಕೈಗೆ ಎಟುಕಲ್ಲ. ಸೆಕೆಂಡ್ ಹ್ಯಾಂಡ್ ನೋಡಬಹುದಾ?

ಗೋದಾಮು:
ನೋಡಬಹುದು, ಆದರೆ ಮೊದಲ ಬಿಲ್ಲಿನ ಪ್ರತಿ ಕೇಳಿ. ಸೀರಿಯಲ್ ಇರುವ ಮಾಲಾದರೆ ಬಿಲ್ಲಿನ ಸೀರಿಯಲ್ಲು, ಮಾಲಿನ ಮೇಲಿನ ಸೀರಿಯಲ್ಲು ಒಂದೇ ಇರಬೇಕು. ಕಾಪಿಗಳಲ್ಲಿ ಒಂದೇ ನಂಬರ್ ಹತ್ತಾರು ಮಾಲಿನ ಮೇಲೆ ಇರೋದು ಉಂಟು, ಹಾಗಾಗಿ ಒಂದೇ ಥರದ ಎರಡು ಮಾಲು ಕೊಟ್ಟರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಅದಕ್ಕಿಂತ ಒಳ್ಳೆ ದಾರಿ ಇದೆ. ಡೀಲರ್ ಹತ್ತಿರವೇ ಡೆಮೋ ಪೀಸು, ಡಬ್ಬಿ ಹರಿದದ್ದು, ಹಿಂದಿನ ಮಾದರಿ ಇರುತ್ತವೆ. ಕೇಳದೆ ಅವರಾಗಿ ಹೇಳಲ್ಲ. ವಾರಂಟಿ ಬಿಲ್ಲಿನ ಮೇಲೆ ಬರೆಸಿಕೊಂಡು ತಗೊಳ್ಳಿ. ಡೀಲರ್ ಬೋರ್ಡು ಹಾಕಿಕೊಂಡೇ ಕೆಳಗಿನಿಂದ ಕಾಪಿ ದಾಟಿಸುವವರೂ ಇದ್ದಾರೆ, ನಾನು ಇಲ್ಲ ಅನ್ನಲ್ಲ. ಆದರೆ ಸೀರಿಯಲ್ ಸಮೇತ ಬಿಲ್ ಕೊಟ್ಟ ಮೇಲೆ ಅವರನ್ನು ಹಿಡಿಯೋಕೆ ಕಂಪನಿಗೆ ದಾರಿ ಇದೆ. ಬಿಲ್ ಇಲ್ಲದವನನ್ನು ಯಾರು ಹಿಡಿಯುತ್ತಾರೆ?

ಸಂಕೋಲೆ:
ಸೆಕೆಂಡ್ ಹ್ಯಾಂಡ್ ಟ್ರಸ್ ಬೇಡ. ಬಾಗಿ ನೆಟ್ಟಗೆ ಮಾಡಿದ್ದು ಗೊತ್ತಾಗಲ್ಲ. ಸದ್ಯಕ್ಕೆ ಬಾಡಿಗೆಗೆ ತಗೊಳ್ಳಿ.

ರಂಗದ ಹಿಂದೆ:
ಹಾಗಾದರೆ ಪಟ್ಟಿ ಬದಲಾಯಿಸಿದೆ. 58 ಆರರ ಬದಲು ಎರಡು, ಉಳಿದ ನಾಲ್ಕು ಅಗ್ಗದ ಕಂಪನಿಯದು, ಎಲ್ಲಾ ಡೀಲರಿಂದ. ಟಾಪ್ ಎರಡೂ ಡೆಮೋ ಪೀಸು. ಬೀಮ್ ಲೈಟ್ ಮತ್ತು ಟ್ರಸ್ ಬೇಕಾದಾಗ ಬಾಡಿಗೆ. ಪಾರ್ ಮಾತ್ರ ಹೊಸದು. ಕೇಬಲ್ಲು, ಕನೆಕ್ಟರ್ ಎಲ್ಲಿಂದ ತಂದರೂ ನಡೆಯುತ್ತೆ ಅಲ್ವಾ?

ರಿಪೇರಿ ಟೇಬಲ್:
ಅಯ್ಯೋ, ನಡೆಯಲ್ಲ. ಅತಿ ಜಾಸ್ತಿ ಮೋಸ ಅಲ್ಲೇ ಇರೋದು. ತಾಮ್ರ ಅಂತ ಬರೆದ ಸ್ಪೀಕರ್ ಕೇಬಲ್ಲಿನ ಒಂದು ಎಳೆ ತಗೊಂಡು ಬ್ಲೇಡಿನಿಂದ ಕೆರೆಯಿರಿ. ಒಳಗೆ ಬೆಳ್ಳಗೆ ಕಂಡರೆ ಅದು ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಅಲ್ಯೂಮಿನಿಯಂ ತಾಮ್ರದ ಸುಮಾರು ಶೇಕಡಾ 60ರಷ್ಟು ಮಾತ್ರ ವಿದ್ಯುತ್ ಹರಿಸುತ್ತದೆ. ತೂಕವಂತೂ ಮೂರರಲ್ಲೊಂದು, ಸುರುಳಿ ಎತ್ತಿದಾಗಲೇ ಕೈಗೆ ತಿಳಿಯುತ್ತೆ.

ಕನೆಕ್ಟರ್ ನ್ಯೂಟ್ರಿಕ್ ಕಂಪನಿ ಹೆಸರಿನದು ತಗೊಳ್ಳೋದಾದರೆ ಡೀಲರ್ ಹತ್ತಿರವೇ ತಗೊಳ್ಳಿ. ಪಾರ್ ಲೈಟಿಗೆ ಅವರ ಪವರ್‌ಕಾನ್ ಅನ್ನೋ ಕರೆಂಟ್ ಕನೆಕ್ಟರ್ ಬರುತ್ತೆ. ನೀಲಿ ಬಣ್ಣದ್ದು ಕರೆಂಟ್ ಒಳಗೆ ಬರುವ ಕಡೆ, ಬೂದು ಬಣ್ಣದ್ದು ಮುಂದಿನ ಲೈಟಿಗೆ ಹೋಗುವ ಕಡೆ. ಈ ಹಳೆ ಮಾದರಿಯನ್ನು ಲೈಟ್ ಉರಿಯುತ್ತಿರುವಾಗ ಎಳೆಯುವ ಹಾಗಿಲ್ಲ. ಪವರ್‌ಕಾನ್ ಟ್ರೂ1 ಅಂತ ಇನ್ನೊಂದು ಬರುತ್ತಲ್ಲ, ಅದನ್ನು ಮಾತ್ರ ಎಳೆಯಬಹುದು. ಕಾಪಿಯವರು ಎರಡರ ವ್ಯತ್ಯಾಸ ನೋಡಲ್ಲ, ಒಳಗಿನ ಸಂಪರ್ಕ ಸಡಿಲ ಇರುತ್ತೆ, ಪ್ಲಾಸ್ಟಿಕ್ ಕಾದು ಕರಗಿ ಅಂಟಿಕೊಂಡಿದ್ದನ್ನು ಎಷ್ಟೋ ಬಿಡಿಸಿದ್ದೀನಿ. ಪಾರ್ ತಗೊಳ್ಳುವಾಗ ಎರಡರಲ್ಲಿ ಯಾವುದು ಅಂತ ನೋಡಿ ಕೇಬಲ್ ಮಾಡಿಸಿ, ಒಂದಕ್ಕೊಂದು ಕೂಡಲ್ಲ.

ರಂಗದ ಹಿಂದೆ:
ಬರೆದುಕೊಂಡೆ ಸರ್. ನಾಳೆ ಡೀಲರಿಗೆ ಪಟ್ಟಿ ಕಳಿಸ್ತೀನಿ, ಪಾರ್ ಹಿಂಭಾಗದ ಫೋಟೋ ಬಂದ ಮೇಲೆ ಇಲ್ಲೇ ಹಾಕ್ತೀನಿ, ಯಾವ ಪವರ್‌ಕಾನ್ ಅಂತ ನೋಡಿ ಹೇಳಿ.